ಅರವತ್ತು ಉತ್ತರ ಬಾಯಿಪಾಠ ಆದ್ಮೇಲೂ ಮಾತು ಯಾಕೆ ನಿಂತೋಯ್ತು?

ನಿಮ್ಮ ಪತ್ರ ಎರಡು ಸಲ ಓದಿದೆ. ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡೋ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಓದೋದು, ಕೇಳೋದು ಎರಡರಲ್ಲೂ 7 ಬಂದಿದೆ, ಸ್ಪೀಕಿಂಗಲ್ಲಿ ಮಾತ್ರ 5.5 ಬಂದು ಬೇಕಾಗಿದ್ದ 6.5 ತಪ್ಪೋಯ್ತು ಅಂತ ಬರೆದಿದ್ದೀರಿ. ಮೂರು ತಿಂಗಳು ಕೂತು ಅರವತ್ತು ಮಾದರಿ ಉತ್ತರ ಬಾಯಿಪಾಠ ಮಾಡಿದ್ರಂತೆ. ಸ್ಪೀಕಿಂಗಲ್ಲಿ ಮಾತಾಡೋಕೆ ವಿಷಯ ಬರೆದು ಕೊಡೋ ಕಾರ್ಡಲ್ಲಿ 'ಯಾರಾದ್ರೂ ನಿಮಗೆ ಒಂದು ಕೆಲಸ ಕಲಿಸಿಕೊಟ್ಟಿದ್ದರ ಬಗ್ಗೆ ಹೇಳಿ' ಅಂತ ಬಂದಾಗ, ರೆಡಿ ಇದ್ದ 'ನೆಚ್ಚಿನ ಟೀಚರ್' ಉತ್ತರಾನೇ ಹೊಂದಿಸೋಕೆ ಹೋಗಿ ನಡುವೆ ಒಂದು ಸಾಲು ಮರೆತು ಅಲ್ಲಿಂದಾಚೆ ತಲೆ ಖಾಲಿ. ಈಗ ಕೇಳ್ತಿರೋದು ಎರಡು ವಿಷಯ, ಇನ್ನೂ ಒಳ್ಳೆ ಉತ್ತರಗಳು ಎಲ್ಲಿ ಸಿಗ್ತವೆ, ಆಕ್ಸೆಂಟ್ ಬದಲಾಯಿಸ್ಕೋಬೇಕಾ.

ಎರಡನೇದಕ್ಕೆ ಉತ್ತರ ಸುಲಭ, ಬೇಡ. ಆಕ್ಸೆಂಟಿಗೆ ಅಂತ ಮಾರ್ಕ್ಸ್ ಕಳೆಯಲ್ಲ, ನೀವು ಹೇಳಿದ್ದು ಕೇಳೋರಿಗೆ ಕಷ್ಟಪಡದೆ ಅರ್ಥ ಆಗುತ್ತಾ ಅಂತ ನೋಡ್ತಾರೆ. ಅದಕ್ಕೆ ನಾವು ಕನ್ನಡದೋರು ತಿದ್ದಿಕೋಬೇಕಾದ್ದು ಒಂದೆರಡು ಇದೆ. ಪದದ ಕೊನೇಲಿ ಉಕಾರ ಸೇರಿಸಿ ಬಸ್ಸು, ಬುಕ್ಕು ಅಂತೀವಿ, ಎಗ್ ಅನ್ನೋದನ್ನ ಯೆಗ್ ಅಂತೀವಿ. ಇನ್ನೊಂದು, ಒತ್ತು. ಫೋಟೋಗ್ರಾಫ್ ಅನ್ನುವಾಗ ಒತ್ತು ಮೊದಲನೇ ಅಕ್ಷರದ ಮೇಲೆ, ಫೋಟೋಗ್ರಫಿ ಅನ್ನುವಾಗ ಎರಡನೇದಕ್ಕೆ ಜಾರುತ್ತೆ, ನಾವು ಎರಡನ್ನೂ ಒಂದೇ ಸಮ ಹೇಳ್ಕೊಂಡು ಹೋಗ್ತೀವಿ. ಇಷ್ಟು ಗಮನ ಕೊಟ್ರೆ ಸಾಕು, ನಿಮ್ಮ ದನಿ ನಿಮ್ಮದೇ ಆಗಿರಲಿ.

ಮೊದಲನೇ ಪ್ರಶ್ನೆಗೆ ನಾನು ಹೇಳೋದು ನಿಮಗೆ ಇಷ್ಟ ಆಗ್ದೇ ಇರಬಹುದು. ಇನ್ನೊಂದು ಉತ್ತರವನ್ನೂ ಬಾಯಿಪಾಠ ಮಾಡಬೇಡಿ. ಸ್ಪೀಕಿಂಗ್ ನಡೆಯೋ ಆ 11ರಿಂದ 14 ನಿಮಿಷ ಪರೀಕ್ಷಕರು ಅಳೆಯೋದು ನಾಲ್ಕು ವಿಷಯ, ತಡವರಿಸದೆ ಒಂದಕ್ಕೊಂದು ಹೊಂದೋ ಹಾಗೆ ಮಾತಾಡೋದು, ಪದಗಳ ಬಳಕೆ, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮ ತೂಕ. ನೀವು ಹೇಳಿದ್ದು ನಿಜಾನಾ, ಅಭಿಪ್ರಾಯ ಸರೀನಾ ಅನ್ನೋದಕ್ಕೆ ಮಾರ್ಕ್ಸೇ ಇಲ್ಲ, ಹಾಗಿರುವಾಗ 'ಒಳ್ಳೆ ಉತ್ತರ'ವನ್ನ ಬೇರೆಯವರ ಹತ್ರ ಹುಡುಕೋದು ಯಾಕೆ? ಬಾಯಿಪಾಠದ ಮಾತು ಗೊತ್ತಾಗಿಬಿಡುತ್ತೆ ಕೂಡ, ಅಲ್ಲಿವರೆಗೆ ನಿಧಾನವಾಗಿ ಬರ್ತಿದ್ದ ದನಿ ಇದ್ದಕ್ಕಿದ್ದಂತೆ ಓಡೋಕೆ ಶುರುವಾಗುತ್ತೆ, ಮುಂದಿನ ಪ್ರಶ್ನೆ ಸ್ವಲ್ಪ ಪಕ್ಕಕ್ಕೆ ಹೋದ ಕೂಡ್ಲೇ ನಿಂತೋಗುತ್ತೆ.

ನಿಮ್ಮ ಮಾತು ನಡುವೆ ನಿಂತಿದ್ದಕ್ಕೆ ಮರೆವು ಒಂದೇ ಕಾರಣ ಅಂತ ನನಗನ್ಸಲ್ಲ. ಮನಸಲ್ಲಿ ಕನ್ನಡದಲ್ಲಿ ವಾಕ್ಯ ಕಟ್ಟಿ ಆಮೇಲೆ ಇಂಗ್ಲಿಷ್ ಮಾಡ್ತೀನಿ ಅಂತ ನೀವೇ ಬರೆದಿದ್ದೀರಲ್ಲ, ಅಸಲು ತೊಡಕು ಇರೋದು ಅಲ್ಲಿ. 'ನಾನು ಚಿಕ್ಕವಳಿದ್ದಾಗ ಅಕ್ಕನ ಹತ್ರ ಸೈಕಲ್ ಹೊಡೆಯೋದನ್ನ ಕಲಿತೆ' ಅಂತೀವಿ, 'ಕಲಿತೆ' ಅನ್ನೋದು ಕಟ್ಟಕಡೆಗೆ ಬರುತ್ತೆ. ಇಂಗ್ಲಿಷಲ್ಲಿ 'ಐ' ಆದ ತಕ್ಷಣ 'ಲರ್ನ್ಡ್' ಬರಬೇಕು. ಅಂದ್ರೆ ಕನ್ನಡ ವಾಕ್ಯ ಪೂರ್ತಿ ಮುಗಿಯೋ ತನಕ ನಿಮಗೆ ಇಂಗ್ಲಿಷ್ ಶುರು ಮಾಡೋಕೇ ಆಗಲ್ಲ, ಎದುರಿಗಿರೋರಿಗೆ ಅದು ಮೌನವಾಗಿ ಕೇಳುತ್ತೆ. ಇದಕ್ಕೆ ಅಭ್ಯಾಸ ಹೀಗೆ ಮಾಡಿ, ಯಾರು ಏನು ಮಾಡಿದ್ರು ಅನ್ನೋದನ್ನ ಚಿಕ್ಕದಾಗಿ ಮೊದಲು ಹೇಳಿಬಿಡಿ, 'ಐ ಲರ್ನ್ಡ್ ಸೈಕ್ಲಿಂಗ್ ಫ್ರಮ್ ಮೈ ಸಿಸ್ಟರ್', ಯಾವಾಗ, ಎಲ್ಲಿ, ಯಾಕೆ ಎಲ್ಲ ಆಮೇಲೆ ಬೇರೆ ವಾಕ್ಯದಲ್ಲಿ ಬರಲಿ. ಇಡೀ ದಿನ ಮಾಡೋ ಕೆಲಸಗಳನ್ನ ಹೀಗೆ ಮನಸಲ್ಲೇ ಹೇಳ್ಕೊಳ್ತಾ ಹೋಗಿ, ಮೊದಲ ವಾರ ತುಂಬಾ ಕಷ್ಟ ಆಗುತ್ತೆ, ಆಗ್ಲಿ.

ಕಾರ್ಡಿನ ಭಾಗಕ್ಕೆ ಬರೋಣ. ತಯಾರಿಗೆ ಒಂದು ನಿಮಿಷ, ಪೇಪರ್ ಪೆನ್ಸಿಲ್ ಅವರೇ ಕೊಡ್ತಾರೆ, ಆಮೇಲೆ ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತಾಡಬೇಕು. ಆ ನಿಮಿಷದಲ್ಲಿ ವಾಕ್ಯ ಬರೆಯೋಕೆ ಹೋಗಬೇಡಿ, ಐದಾರು ಪದ ಸಾಕು, ಅದೂ ಕಣ್ಣಿಗೆ ಕಟ್ಟೋ ಅಂಥವು. ಸೈಕಲ್ ವಿಷಯ ಆದ್ರೆ ಬಿದ್ದಿದ್ದು, ಮಂಡಿ ತರಚಿದ್ದು, ಅಕ್ಕ ಹೇಳದೇ ಕೈ ಬಿಟ್ಟಿದ್ದು, ತಿರುಗಿ ನೋಡಿದಾಗ ಅವಳು ದೂರದಲ್ಲಿ ನಿಂತಿದ್ದು. ಇದೆಲ್ಲ ನಿಮಗೆ ಆಗಿರೋದು ತಾನೇ, ಮರೆಯೋ ಪ್ರಶ್ನೆನೇ ಬರಲ್ಲ, ಪದ ಒಂದು ಸಿಗದೇ ಇದ್ರೂ ಸುತ್ತು ಹಾಕಿ ಬೇರೆ ಥರ ಹೇಳ್ತೀರಿ, ಹಾಗೆ ಸುತ್ತು ಹಾಕಿ ಹೇಳೋದೂ ಭಾಷೆ ಬರುತ್ತೆ ಅನ್ನೋದರ ಗುರುತೇ. ಎರಡು ನಿಮಿಷ ಆದಾಗ ನಡುವೆಯೇ ನಿಲ್ಲಿಸ್ತಾರೆ, ಅದು ಟೈಮ್ ಮುಗೀತು ಅಂತ ಅಷ್ಟೇ, ಗಾಬರಿ ಬೇಡ. ಒಂದು ಎಚ್ಚರ, ಹಿಂದೆ ನಡೆದಿದ್ದನ್ನ ಹೇಳ್ತಾ ಹೇಳ್ತಾ ಮೂರನೇ ವಾಕ್ಯಕ್ಕೆ ವರ್ತಮಾನ ಕಾಲಕ್ಕೆ ಜಾರೋದು ನಮ್ಮಲ್ಲಿ ಬಹಳ. 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಅನ್ನೋದೂ ಅಷ್ಟೇ, 'ಐ ಹ್ಯಾವ್' ಸಾಕು.

ಕೊನೇ ಭಾಗದಲ್ಲಿ ಪ್ರಶ್ನೆ ನಿಮ್ಮನ್ನ ಬಿಟ್ಟು ಸಮಾಜದ ಕಡೆ ಹೋಗುತ್ತೆ, ಮಕ್ಕಳು ದೊಡ್ಡವರಿಂದ ಕಲಿಯೋದು ಕಮ್ಮಿ ಆಗ್ತಿದೆಯಾ ಅನ್ನೋ ಥರ. ಅರ್ಥ ಆಗದಿದ್ರೆ ಕೇಳಿ, ಬೇರೆ ಮಾತಲ್ಲಿ ಹೇಳಿ ಅನ್ನೋದು ತಪ್ಪಲ್ಲ. ಒಂದು ಅಭಿಪ್ರಾಯ, ಅದಕ್ಕೆ ಕಾರಣ, ಒಂದು ಉದಾಹರಣೆ, ಇಷ್ಟು ಬಂದ್ರೆ ಉತ್ತರ ತಾನಾಗೇ ಬೆಳೆಯುತ್ತೆ.

ಇವತ್ತೇ ಮೊಬೈಲಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಅಳಿಸಬೇಡಿ. ದಿನಾ ಹೊಸ ವಿಷಯ, ರೆಕಾರ್ಡ್ ಮಾಡಿದ್ದನ್ನ ಕೇಳಿ ಎಲ್ಲೆಲ್ಲಿ ನಿಂತ್ರಿ ಅಂತ ಗುರುತು ಹಾಕಿ, ಅದೇ ವಿಷಯ ಇನ್ನೊಂದ್ಸಲ ಹೇಳಿ. ಎದುರಿಗೆ ಒಬ್ಬರು ಕೂತು ಅಡ್ಡಪ್ರಶ್ನೆ ಕೇಳಿದ್ರೆ ಇನ್ನೂ ಒಳ್ಳೇದು, ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ರೂ ಪರವಾಗಿಲ್ಲ.

ಓದೋದು, ಕೇಳೋದು, ಬರೆಯೋದು, ಮಾತಾಡೋದು ನಾಲ್ಕೂ ಭಾಗ ಮತ್ತೆ ಬರೀಬೇಕಾ ಅಂತ ಚಿಂತೆ ಇದ್ರೆ, ಕಂಪ್ಯೂಟರಲ್ಲಿ ಬರೆದವರಿಗೆ ಒಂದೇ ಭಾಗ ಮತ್ತೆ ಬರೆಯೋ ಅವಕಾಶ ಇದೆ, ಮೊದಲ ಪರೀಕ್ಷೆಯ ದಿನದಿಂದ 60 ದಿನದೊಳಗೆ. ಎಲ್ಲ ಸೆಂಟರಲ್ಲೂ ಇಲ್ಲ, ಎಲ್ಲ ಸಂಸ್ಥೆಗಳೂ ಒಪ್ಪಲ್ಲ, ನೀವು ಅರ್ಜಿ ಹಾಕಿರೋ ಕಡೆ ಮೊದಲು ವಿಚಾರಿಸಿ. ಅವರು ಒಪ್ಪಿದ್ರೂ ದುಡ್ಡು ಕಟ್ಟೋಕೆ ಮುಂಚೆ ಇವತ್ತಿನ ರೆಕಾರ್ಡಿಂಗು, ಆಗಿನ ರೆಕಾರ್ಡಿಂಗು ಎರಡನ್ನೂ ಒಟ್ಟಿಗೆ ಕೇಳಿ, ಆಮೇಲೆ ಡೇಟ್ ಬುಕ್ ಮಾಡಿ.