ಮಂಚ ಅಲುಗಿತು, ಗೋಡೆ ಬಿರಿಯಿತು: ಎಲ್ಲಕ್ಕೂ ಭೂಕಂಪವೇ ಕಾರಣವೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಲ ಕೆಳಗಿನ ನೆಲದ ಬಗ್ಗೆಯೇ ಇವೆ. ಹುಬ್ಬಳ್ಳಿ, ನವಲಗುಂದ, ರೋಣ, ನರಗುಂದ, ಹಾನಗಲ್ ಕಡೆಯ ಓದುಗರು ಬರೆದಿದ್ದಾರೆ. ಉದ್ದ ಇದ್ದವನ್ನು ಮೊಟಕು ಮಾಡಿದ್ದೇನೆ.

ಹುಬ್ಬಳ್ಳಿಯಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್‌ನಲ್ಲಿದ್ದೇವೆ. ಒಂದು ರಾತ್ರಿ ಮಂಚ ಅಲುಗಿದ ಹಾಗಾಯಿತು, ತೂಗುದೀಪ ಓಲಾಡಿತು. ಕೆಳಗಿನ ಮನೆಯವರನ್ನು ಕೇಳಿದರೆ "ನಮಗೇನೂ ಗೊತ್ತಾಗ್ಲಿಲ್ರಿ" ಅಂದರು. ಇದು ನಮ್ಮ ಭ್ರಮೆಯಾ? ನಮ್ಮ ಊರಿಗೆ ಭೂಕಂಪದ ಭಯ ಇದೆಯಾ?

ಭ್ರಮೆ ಇರಲಿಕ್ಕಿಲ್ಲ. ದೂರದಲ್ಲಿ ಆದ ಭೂಕಂಪ ನೆಲಮಹಡಿಯವರಿಗೆ ತಿಳಿಯದೆ ಮೇಲಿನವರಿಗೆ ಮಾತ್ರ ತಿಳಿಯುವುದುಂಟು. ದೂರ ಸಾಗಿ ಬಂದ ಅಲೆ ನಿಧಾನಕ್ಕೆ ತೂಗುವಂಥದ್ದು. ಕಟ್ಟಡ ಎತ್ತರ ಇದ್ದಷ್ಟೂ ಅದರ ಮೇಲ್ಭಾಗ ಹೆಚ್ಚು ಓಲಾಡುತ್ತದೆ.

ನಮ್ಮದು ಭೂವಿಜ್ಞಾನಿಗಳು 'ಧಾರವಾಡ ಕ್ರೇಟಾನ್' ಎಂದು ಕರೆಯುವ ಬಹಳ ಹಳೆಯ, ತಣ್ಣಗಾದ ಬಂಡೆನೆಲ. ಗದಗಿನ ಕಪ್ಪತಗುಡ್ಡದ ಕಲ್ಲಿನ ವಯಸ್ಸೇ 250 ಕೋಟಿ ವರ್ಷ ದಾಟುತ್ತದೆ. ಹಿಮಾಲಯದ ಬುಡದ ಹಾಗೆ ಇಲ್ಲಿ ದೊಡ್ಡ ಭೂಕಂಪ ಮೇಲಿಂದ ಮೇಲೆ ಹುಟ್ಟುವುದಿಲ್ಲ. ಆದರೆ ಇದರಲ್ಲೊಂದು ಫಜೀತಿ ಇದೆ. ಹತ್ತಿ ಅಂಡಿಗೆಗೆ ಬಡಿದ ಪೆಟ್ಟು ಅಲ್ಲೇ ಸಾಯುತ್ತದೆ, ಬಂಡೆಗೆ ಬಡಿದದ್ದು ದೂರಕ್ಕೂ ಕೇಳುತ್ತದೆ. ಹಾಗೇ ಎಲ್ಲೋ ಹುಟ್ಟಿದ ಕಂಪನ ಈ ಗಟ್ಟಿ ನೆಲದಲ್ಲಿ ನೂರಾರು ಕಿಲೋಮೀಟರ್ ಸಾಗಿ ಬರುತ್ತದೆ.

ನಮ್ಮನ್ನು ಅಲುಗಿಸಬಲ್ಲ ಭೂಕಂಪಗಳು ಹೆಚ್ಚಾಗಿ ಉತ್ತರದ ಕಡೆಯವು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯ ಹತ್ತಿರ ಆದದ್ದು ಒಂದು. ಧಾರವಾಡದಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 250 ಕಿ.ಮೀ. ಜಲಾಶಯದ ನೀರಿನ ಭಾರ ಮತ್ತು ಒತ್ತಡದಿಂದ ಭೂಕಂಪ ಪ್ರಚೋದನೆಯಾಗುತ್ತದೆ ಎಂಬುದಕ್ಕೆ ಜಗತ್ತೇ ಕೊಡುವ ಉದಾಹರಣೆ ಅದು. 1993ರ ಸೆಪ್ಟೆಂಬರ್ 30ರಂದು, ಅದೂ ನಸುಕಿನಲ್ಲೇ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯದು ಆಯಿತು. ಹತ್ತು ಸಾವಿರದಷ್ಟು ಜನ ಸತ್ತರು. ಕಿಲ್ಲಾರಿ ಹುಬ್ಬಳ್ಳಿಯಿಂದ ಸುಮಾರು 340 ಕಿ.ಮೀ. ಜೋರಾಗಿ ಅಲುಗಿಸುವ ಅಲೆ ಸೆಕೆಂಡಿಗೆ ಮೂರೂವರೆ ಕಿ.ಮೀ. ಓಡುತ್ತದೆ. ಅಂದರೆ ಅಲ್ಲಿ ಊರು ನೆಲಸಮ ಆಗಿ ಒಂದೂವರೆ ನಿಮಿಷಕ್ಕೆ ಅದು ಇಲ್ಲಿಗೆ ತಲುಪುತ್ತದೆ.

ಎಲ್ಲಿ ಭೂಕಂಪದ ಅಪಾಯ ಎಷ್ಟು ಎಂದು ತೋರಿಸುವ ವಲಯ ನಕ್ಷೆಯ ಮಾತು ಕೇಳುತ್ತೀರಿ, ಹೇಳಿಬಿಡುತ್ತೇನೆ. ಬಹುಕಾಲದಿಂದ ಎಂಜಿನಿಯರುಗಳು ಬಳಸುತ್ತ ಬಂದ ನಕ್ಷೆಯಲ್ಲಿ ಧಾರವಾಡ 3ನೇ ವಲಯದಲ್ಲಿದೆ, ಅಂದರೆ ಮಧ್ಯಮ. ಪೂರ್ವಕ್ಕೆ ಬಳ್ಳಾರಿ ಕಡೆ ಹೋದರೆ 2ನೇ ವಲಯ, ಇನ್ನೂ ಕಡಿಮೆ. ಆದರೆ ಕಿಲ್ಲಾರಿ ಆಗಿನ ನಕ್ಷೆಯಲ್ಲಿ 1ನೇ ವಲಯದಲ್ಲಿತ್ತು, ಎಲ್ಲಕ್ಕಿಂತ ಸುರಕ್ಷಿತ ಅಂತ! ಆಮೇಲೆ ಆ 1ನೇ ವಲಯವನ್ನೇ ತೆಗೆದುಹಾಕಿದರು. ಬಳ್ಳಾರಿಯಲ್ಲೂ 1843ರಲ್ಲಿ ಭೂಕಂಪ ಆದ ದಾಖಲೆ ಇದೆ. ಹಾಗಾಗಿ ನಕ್ಷೆ ನೋಡಿ ಪೂರ್ತಿ ನಿಶ್ಚಿಂತೆ ಬೇಡ.

ನಕ್ಷೆಗಿಂತ ಮೊದಲು ನೀವು ನೋಡಬೇಕಾದ್ದು ನಿಮ್ಮ ಕಟ್ಟಡದ ಪಾರ್ಕಿಂಗ್. ಒಮ್ಮೆ ಕೆಳಗಿಳಿದು ನೋಡಿ. ಮೇಲೆ ಎಲ್ಲ ಮಹಡಿಗೂ ಇಟ್ಟಿಗೆ ಗೋಡೆ ಇದ್ದು, ಕೆಳಗೆ ಕಾರು ನಿಲ್ಲಿಸಲು ಬರೀ ಕಂಬಗಳಿವೆಯಾ? ಅಂಥ ಕಟ್ಟಡ ಅಲುಗಿದಾಗ ಪೆಟ್ಟೆಲ್ಲ ಆ ಕಂಬಗಳ ಮೇಲೆ ಬೀಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರ ಇದ್ದ ಅಹಮದಾಬಾದಿನಲ್ಲಿ ಇಂಥ ಫ್ಲ್ಯಾಟುಗಳೇ ಹೆಚ್ಚು ಕುಸಿದವು. ಕಂಬದ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಬಣ್ಣದ ವಿಷಯ ಆಮೇಲೆ ಮಾತಾಡಿ, ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಕಟ್ಟಡ ಬೀಳಲು ಭೂಕಂಪವೇ ಬರಬೇಕೆಂದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದಾಗ ನೆಲ ಒಂದಿಷ್ಟೂ ಅಲುಗಿರಲಿಲ್ಲ.

ನಮ್ಮ ಊರಿನ ಹತ್ತಿರ ಕಲ್ಲಿನ ಕ್ವಾರಿ ಇದೆ. ಆಗಾಗ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಭೂಕಂಪ ಯಾವುದು, ಬ್ಲಾಸ್ಟಿಂಗ್ ಯಾವುದು?

ಬ್ಲಾಸ್ಟಿಂಗ್ ಆದರೆ ಒಂದೇ ಪೆಟ್ಟು, ಧಡ್ ಅಂತ. ಹೆಚ್ಚಾಗಿ ಹಗಲಿನಲ್ಲಿ, ಅದೂ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಗಾಜು ನಡುಗುವುದು ಬಹುಪಾಲು ಗಾಳಿಯ ಒತ್ತಡಕ್ಕೆ. ಭೂಕಂಪದಲ್ಲಿ ಮೊದಲು ಸಣ್ಣ ಅದುರು, ಕೆಲವೊಮ್ಮೆ ಗುಡುಗಿನಂಥ ಸದ್ದು. ಬೆನ್ನಿಗೇ ಕೆಲವು ಸೆಕೆಂಡು ತೂಗಾಟ. ಸ್ವಿಚ್ ಆಫ್ ಮಾಡಿದ ಫ್ಯಾನು, ಕೊಡದಲ್ಲಿನ ನೀರು ನೋಡಿದರೆ ತಿಳಿಯುತ್ತದೆ. ಅನುಮಾನ ಇದ್ದರೆ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ 'ಭೂಕಂಪ್' ಆ್ಯಪ್ ತೆಗೆದು ನೋಡಿ. ಆದದ್ದು ನಿಜವಾದರೆ ಸ್ವಲ್ಪ ಹೊತ್ತಿಗೆ ಅಲ್ಲಿ ಬರುತ್ತದೆ. "ರಾತ್ರಿ ಹನ್ನೆರಡಕ್ಕ ಮತ್ತ ಬರ್ತದಂತ" ಎಂಬ ವಾಟ್ಸ್ಆ್ಯಪ್ ಸಂದೇಶ ಬಂದರೆ ಅಳಿಸಿಹಾಕಿ. ಭೂಕಂಪದ ದಿನ, ಗಂಟೆ ಮುಂಚೆ ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. ನಾಯಿ ಬೊಗಳುವುದನ್ನೂ ನಂಬಬೇಡಿ (ಇದೂ ಒಬ್ಬರ ಪ್ರಶ್ನೆಯಾಗಿತ್ತು). ನಾಯಿ ಬೊಗಳಲು ನೂರು ಕಾರಣ ಇರುತ್ತವೆ.

ನವಲಗುಂದ ತಾಲ್ಲೂಕು. ಮನೆ ಕಟ್ಟಿ ಐದಾರು ವರ್ಷ ಆಗಿದೆ. ಬಾಗಿಲ ಮೂಲೆಯಿಂದ ಗೋಡೆ ಓರೆಯಾಗಿ ಬಿರಿದಿದೆ. ವಿಜಯಪುರ ಕಡೆ ಭೂಮಿ ನಡುಗಿದ ಮೇಲೆ ಜಾಸ್ತಿ ಆಗಿದೆ ಅಂತ ಮನೆಯಾಕೆ ಹೇಳುತ್ತಾಳೆ.

ನಿಮ್ಮ ಮನೆಯವರು ಬೇಜಾರಾಗಬಾರದು, ಅದು ವಿಜಯಪುರದ ಕೆಲಸ ಅಲ್ಲ. 2021–22ರಲ್ಲಿ ಅಲ್ಲಿ ಸಾಲಾಗಿ ಸಣ್ಣ ಕಂಪನಗಳಾದದ್ದು ನಿಜ. 2022ರ ಜುಲೈಯದ್ದು 4.4ರಷ್ಟಿತ್ತು. ನಿಮ್ಮಲ್ಲಿಂದ ಸುಮಾರು 145 ಕಿ.ಮೀ. ದೂರದಲ್ಲಿ ಆದ ಅಷ್ಟು ಸಣ್ಣದು ಗೋಡೆ ಸೀಳುವುದಿಲ್ಲ. ನಿಮ್ಮ ಗೋಡೆ ಸೀಳಿದ್ದು ಎರೆ ಮಣ್ಣು.

ಬೇಸಿಗೆಯಲ್ಲಿ ನಿಮ್ಮ ಹೊಲ ನೋಡಿದ್ದೀರಲ್ಲ, ಕೈ ಇಳಿಯುವಷ್ಟು ಬಿರುಕು. ಅದೇ ಹೊಲ ಶ್ರಾವಣದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮನೆಯ ಕೆಳಗೂ ಇದೇ ನಡೆಯುತ್ತದೆ. ವ್ಯತ್ಯಾಸ ಏನೆಂದರೆ ಮನೆಯ ನಡುವಿನ ಮಣ್ಣು ವರ್ಷವಿಡೀ ಒಂದೇ ತರ ಇರುತ್ತದೆ, ಅಂಚಿನ ಮಣ್ಣು ಮಾತ್ರ ನೆನೆದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗೋಡೆಯ ಮೂಲೆ ವರ್ಷಕ್ಕೊಮ್ಮೆ ಎದ್ದು ಕೂತರೆ ಬಿರಿಯದೆ ಇನ್ನೇನು ಮಾಡೀತು? ಬಾಗಿಲು, ಕಿಟಕಿಯ ಮೂಲೆ ಗೋಡೆಯ ಬಲಹೀನ ಜಾಗ. ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಒಂದು ಪರೀಕ್ಷೆ ಮಾಡಿ. ಬಿರುಕಿನ ಮೇಲೆ ಅಡ್ಡಡ್ಡ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿ. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಏಪ್ರಿಲ್‌ನಲ್ಲಿ ಬೆಂಕಿಕಡ್ಡಿ ಹಿಡಿಯುವ ಬಿರುಕಿನಲ್ಲಿ ಸೆಪ್ಟೆಂಬರ್‌ಗೆ ಅದು ಹಿಡಿಯದಿದ್ದರೆ ಎರೆ ಮಣ್ಣಿನದೇ ಆಟ ಎಂದು ತಿಳಿಯಿರಿ.

ಉಪಾಯ ಏನೆಂದರೆ ನೀರನ್ನು ಬುಡದಿಂದ ದೂರ ಇಡುವುದು. ಮನೆ ಸುತ್ತ ಒಂದು ಮೀಟರ್ ಅಗಲ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ. ಬಚ್ಚಲು ನೀರು ಗೋಡೆ ಬುಡದಲ್ಲಿ ನಿಲ್ಲಬಾರದು. ಗೋಡೆಗೆ ಅಂಟಿಕೊಂಡು ಬೇವಿನ ಸಸಿ ಹಚ್ಚಬೇಡಿ, ಬೇರು ನೀರು ಹೀರಿ ಆ ಕಡೆಯ ಮಣ್ಣನ್ನು ಮಾತ್ರ ಕುಗ್ಗಿಸುತ್ತದೆ. ಬಿರುಕಿಗೆ ಪುಟ್ಟಿ ತುಂಬುವ ಕೆಲಸ ಇವೆಲ್ಲ ಆದಮೇಲೆ. ಹೊಸ ಮನೆ ಕಟ್ಟುವವರು ಮೊದಲೇ ಬುದ್ಧಿ ಓಡಿಸಿದರೆ ಒಳ್ಳೆಯದು: ಎರೆ ತೆಳುವಿದ್ದರೆ ತೆಗೆಸಿ ಗರಸು ತುಂಬಿಸಿ ದಮ್ಮಸು ಮಾಡಿಸಿ. ಆಳ ಇದ್ದರೆ ಮೂರೂವರೆ ಮೀಟರ್ ಆಳಕ್ಕೆ, ತುದಿ ಉಬ್ಬಿದ ಅಂಡರ್‌ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ. ಅದಕ್ಕಿಂತ ಕೆಳಗಿನ ಎರೆ ಮಳೆ ಬಿಸಿಲಿಗೆ ಅಷ್ಟಾಗಿ ಜಗ್ಗುವುದಿಲ್ಲ.

ರೋಣ ತಾಲ್ಲೂಕಿನಲ್ಲಿ ಅಜ್ಜನ ಕಾಲದ ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆ. ಗೋಡೆ ಎರಡೂವರೆ ಅಡಿ ದಪ್ಪ. "ಭೂಕಂಪ ಆದರೂ ಇದು ಅಲ್ಲಾಡಂಗಿಲ್ಲ" ಅಂತಾರೆ ಅಪ್ಪ. ಹೌದಾ?

ಈ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಧಾರವಾಡ, ಗದಗ, ಹಾವೇರಿ, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಜೀವಕ್ಕೆ ಹೆಚ್ಚು ಅಪಾಯ ಇರುವುದು ಇಲ್ಲೇ.

ನಿಮ್ಮ ತಂದೆಯವರ ನಂಬಿಕೆ ಕಿಲ್ಲಾರಿಯವರಿಗೂ ಇತ್ತು. ಅವರ ಮನೆಗಳೂ ಹೀಗೇ ಇದ್ದವು: ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ ಅಂದರೆ ನಿಜಕ್ಕೂ ಒಂದು ಗೋಡೆ ಅಲ್ಲ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದರೆ ಅಲುಗಿದ ಕೂಡಲೇ ಹೊರಸಾಲು ಹೊರಕ್ಕೆ, ಒಳಸಾಲು ಮಲಗಿದವರ ಮೇಲೆ. ಹಿಂದೆಯೇ ಮಾಳಿಗೆ.

ಮಾಳಿಗೆಯ ಭಾರ ಲೆಕ್ಕ ಹಾಕಿದ್ದೀರಾ? ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ಮಣ್ಣು ಅಂದರೆ ನೂರು ಘನ ಅಡಿ. ಒಣಗಿದ್ದಾಗಲೇ ನಾಲ್ಕೂವರೆ ಟನ್ ಆಸುಪಾಸು. ಸೋರುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕುತ್ತೀರಿ, ಹಳೆಯದನ್ನು ಕೆರೆಯುವುದಿಲ್ಲ. ಅಜ್ಜನ ಕಾಲದ ಒಂದು ಅಡಿ ಈಗ ಎರಡು ಅಡಿ ಆಗಿರುತ್ತದೆ. ಆದರೆ ಕೆಳಗಿನ ತೊಲೆ, ಜಂತಿ ಅವೇ, ಗೆದ್ದಲು ತಿಂದವು. ಇದಕ್ಕೆ ಭೂಕಂಪ ಬೇಕಿಲ್ಲ. ಮೂರು ದಿನ ಜಿಟಿಜಿಟಿ ಮಳೆ ಹಿಡಿದರೆ ಸಾಕು. ಪ್ರತಿ ಮಳೆಗಾಲ ಪೇಪರಿನ ಮೂಲೆಯಲ್ಲಿ "ಗೋಡೆ ಕುಸಿದು ಸಾವು" ಎಂದು ಬರುವ ಸುದ್ದಿ ಇಂಥ ಮನೆಗಳದ್ದೇ.

ಈ ಬೇಸಿಗೆಯಲ್ಲಿ ಹಳೆ ಮಣ್ಣು ಇಳಿಸಿ. ತೊಲೆಗೆ ಮೊಳೆ ಹೊಡೆದು ನೋಡಿ, ಬೆಣ್ಣೆಯಂತೆ ಇಳಿದರೆ ಬದಲಿಸಿ. ಮಾಳಿಗೆಯ ನೀರು ಗೋಡೆ ಮೇಲೆ ಸುರಿಯದಂತೆ ದೋಣಿಗೆ (ಮಾಳಿಗೆಯ ನೀರು ಹೊರಬೀಳುವ ಬಾಯಿಗೆ) ಪೈಪು ಹಚ್ಚಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಅಂದರೆ ಪಕ್ಕದಿಂದ ನೋಡಿದರೆ ನಡುವೆ ಉಬ್ಬಿದ್ದರೆ, ಆ ಕೋಣೆಯಲ್ಲಿ ಇವತ್ತಿನಿಂದಲೇ ಮಲಗಬೇಡಿ. ಒಂದು ಸಮಾಧಾನ ಇದೆ: ಕಿಲ್ಲಾರಿಯಲ್ಲಿ ಮಾಳಿಗೆಯ ಭಾರ ಕಟ್ಟಿಗೆ ಕಂಬದ ಮೇಲಿದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಎಷ್ಟೋ ಕಡೆ ಮಾಳಿಗೆ ನಿಂತಿತ್ತು. ನಿಮ್ಮ ಪಡಸಾಲೆಯಲ್ಲಿ ಕಂಬ ಇದ್ದರೆ ಕಿತ್ತು ಮಾರಬೇಡಿ.

ಶಾಲೆಯಲ್ಲಿ ಮಕ್ಕಳಿಗೆ ಮೇಜಿನ ಕೆಳಗೆ ಕೂರಲು ಕಲಿಸುತ್ತಾರೆ. ಆರ್‌ಸಿಸಿ ಕಟ್ಟಡದಲ್ಲಿ ಅದು ಸರಿ. ಮೇಲ್ಮುದ್ದಿ ಮನೆಯಲ್ಲಿ ಬಾಗಿಲು ಹತ್ತಿರ ಇದ್ದರೆ ಬಯಲಿಗೆ ಓಡಿ. ಗೋಡೆಗಳ ನಡುವಿನ ಓಣಿಯಲ್ಲಿ ನಿಲ್ಲಬೇಡಿ.

ನರಗುಂದದಲ್ಲಿ ಇದ್ದಕ್ಕಿದ್ದ ಹಾಗೆ ನೆಲ ಕುಸಿಯುತ್ತದಲ್ಲ, ಅದು ಭೂಕಂಪದಿಂದಲೇ?

ಅಲ್ಲ, ಅದು ಹಗೇವಿನಿಂದ. ಹಿಂದಿನವರು ಜೋಳ ತುಂಬಿಡಲು ಮನೆಯೊಳಗೆ, ಅಂಗಳದಲ್ಲಿ, ಓಣಿಯಲ್ಲಿ ಬಾಯಿ ಸಣ್ಣ, ಹೊಟ್ಟೆ ದೊಡ್ಡದಿರುವ ಗುಂಡಿ ತೋಡಿದರು. ಆಮೇಲೆ ಬಾಯಿ ಮುಚ್ಚಿ ಮೇಲೆ ಮನೆ, ರಸ್ತೆ ಮಾಡಿದರು. ಈಗ ಊರಿನ ಅಂತರ್ಜಲ ಮೇಲೆ ಬಂದಿದೆ, ಗಟಾರದ ನೀರೂ ಇಂಗುತ್ತದೆ. ಒಳಗಿನ ಮಣ್ಣು ಮೆತ್ತಗಾಗಿ ಮೇಲ್ಭಾಗ ಕುಸಿಯುತ್ತದೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಹಗೇವು ಎಲ್ಲಿತ್ತು ಎಂದು ಈಗಲೇ ಕೇಳಿಟ್ಟುಕೊಳ್ಳಿ. ಬಂಡೆ ಹಾಸಿದ ನೆಲ ಟೊಳ್ಳು ಸದ್ದು ಮಾಡಿದರೆ, ದುಂಡಗೆ ಬಿರುಕು ಬಿಟ್ಟರೆ ಅಲ್ಲಿ ಭಾರ ಇಡಬೇಡಿ. ಮುಚ್ಚಿಸುವಾಗ ಕಸಕಡ್ಡಿ ಸುರಿಯದೆ ಗರಸು, ಮರಳು ಪದರ ಪದರವಾಗಿ ಹಾಕಿ ಕುಟ್ಟಿಸಿ. ಹಳೆ ಹಗೇವಿನೊಳಗೆ ಯಾರೂ ಇಳಿಯಕೂಡದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ.

ಬೆಣ್ಣಿಹಳ್ಳ ನಮ್ಮ ಹೊಲದ ಪಕ್ಕ. ಇಲ್ಲಿ ಮಳೆಯೇ ಇರುವುದಿಲ್ಲ, ಆದರೂ ಹಳ್ಳ ಬಂದುಬಿಡುತ್ತದೆ. ಮೊದಲೇ ತಿಳಿಯುವುದು ಹೇಗೆ?

ಶಿಗ್ಗಾವಿ, ಕುಂದಗೋಳ, ಹುಬ್ಬಳ್ಳಿ ಕಡೆ ಸುರಿದ ಮಳೆ ಅದು. ಎರೆ ನೆಲ ಒಮ್ಮೆ ನೆನೆದರೆ ನೀರು ಕುಡಿಯುವುದಿಲ್ಲ, ಎಲ್ಲ ಹರಿದು ಹಳ್ಳಕ್ಕೆ ಸೇರುತ್ತದೆ. ಹಾಗಾಗಿ ನಿಮ್ಮ ಆಕಾಶ ನೋಡಬೇಡಿ, ಮೇಲಿನ ಊರಿನ ಬೀಗರಿಗೆ ಫೋನ್ ಮಾಡಿ. ಮಲಪ್ರಭೆ ತುಂಬಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರೆ ಹಳ್ಳದ ನೀರು ಮುಂದೆ ಸಾಗದೆ ಹಿಂದಕ್ಕೆ ಒತ್ತುತ್ತದೆ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಬೈಕು, ಟ್ರ್ಯಾಕ್ಟರು ಏನನ್ನೂ ಇಳಿಸಬೇಡಿ. ಜಿಲ್ಲಾ ನಿಯಂತ್ರಣ ಕೊಠಡಿ ನಂಬರ್ 1077.

ಹಾನಗಲ್ ಕಡೆ ಏಪ್ರಿಲ್, ಮೇನಲ್ಲಿ ಸಿಡಿಲಿನ ಕಾಟ. ಹೊಲದಲ್ಲಿದ್ದಾಗ ಏನು ಮಾಡಬೇಕು?

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಕೆಲಸ ಬಿಟ್ಟು ಗಟ್ಟಿ ಮನೆ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಒಂಟಿ ಮರದ ಕೆಳಗೆ ನೀವೂ ನಿಲ್ಲಬೇಡಿ, ಎತ್ತನ್ನೂ ಕಟ್ಟಬೇಡಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಕರೆಂಟು ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತುತ್ತ 108ಕ್ಕೆ ಫೋನ್ ಮಾಡಿಸಿ. 'ದಾಮಿನಿ' ಆ್ಯಪ್ ಮುನ್ಸೂಚನೆ ಕೊಡುತ್ತದೆ.

ಮಳೆಗೆ ಮನೆ ಗೋಡೆ ಬಿದ್ದರೆ ಪರಿಹಾರಕ್ಕೆ ಮೊದಲು ಏನು ಮಾಡಬೇಕು?

ಮಣ್ಣು ಎತ್ತುವ ಮೊದಲು ಫೋಟೊ ತೆಗೆಯಿರಿ, ಹೊರಗಿನಿಂದ ಮತ್ತು ಒಳಗಿನಿಂದ, ಮನೆಯ ನಂಬರ್ ಕಾಣುವ ಹಾಗೆ. ಅದೇ ದಿನ ತಲಾಟಿಯವರಿಗೂ (ಗ್ರಾಮ ಆಡಳಿತ ಅಧಿಕಾರಿ) ಪಂಚಾಯಿತಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಎಷ್ಟು ಭಾಗ ಬಿದ್ದಿದೆ ಎಂಬುದರ ಮೇಲೆ ಹಣ ನಿಂತಿರುವುದರಿಂದ ಅಳತೆಗೆ ಬಂದಾಗ ನೀವು ಅಲ್ಲೇ ಇರಿ. ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.