ಮುಂಗಾರಿಗೆ ಮುನ್ನ ಮನೆಯೊಳಗೆ ಬೋನ್ಸಾಯ್ ಸಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೋನ್ಸಾಯ್ ಮಾಡುವ ಆಸೆಯಿಂದ ಜಪಾನಿನ ಕಪ್ಪು ಪೈನ್ ಮತ್ತು ಮೇಪಲ್ ಬೀಜಗಳನ್ನು ತರಿಸಿದ್ದೇನೆ. ಚಳಿಗಾಲದಲ್ಲಿಯೇ ಮನೆಯೊಳಗೆ ದೀಪದ ಬೆಳಕಿನಲ್ಲಿ ಸಸಿ ಎಬ್ಬಿಸಿ, ವಸಂತ ಬಂದೊಡನೆ ಹೊರಗಿಡಬೇಕೆಂದು ವಿದೇಶಿ ಕೈಪಿಡಿಯೊಂದರಲ್ಲಿ ಓದಿದೆ. ಕೊಡಗಿನಲ್ಲಿ ಇದನ್ನು ಯಾವ ತಿಂಗಳಲ್ಲಿ ಆರಂಭಿಸಬೇಕು?
(ಮಡಿಕೇರಿಯ ಓದುಗರು)

ಉತ್ತರ: ಆ ಕೈಪಿಡಿ ಹಿಮ ಬೀಳುವ ನಾಡಿನವರಿಗಾಗಿ ಬರೆದದ್ದು. ಅಲ್ಲಿ ಎಳೆಯ ಸಸಿಯ ಶತ್ರು ಚಳಿಗಾಲದ ಹಿಮ. ನಮ್ಮಲ್ಲಿ ಆ ಸ್ಥಾನ ಜೂನ್ ತಿಂಗಳ ಮಳೆಯದು. ಆದ್ದರಿಂದ ತಾವು ಲೆಕ್ಕ ಹಾಕಬೇಕಾದದ್ದು ವಸಂತದಿಂದಲ್ಲ, ಮುಂಗಾರಿನಿಂದ ಹಿಂದಕ್ಕೆ. ಮಳೆ ಹಿಡಿಯುವ ಹೊತ್ತಿಗೆ ಸಸಿಯ ಕಾಂಡ ಎಳೆತನ ಕಳೆದು ಗಟ್ಟಿಯಾಗಿರಬೇಕು ಮತ್ತು ಬೇರು ಕುಂಡದ ತಳ ಮುಟ್ಟಿರಬೇಕು. ಅದಕ್ಕೆ ನಾಲ್ಕರಿಂದ ನಾಲ್ಕೂವರೆ ತಿಂಗಳು ಹಿಡಿಯುವುದರಿಂದ, ಜನವರಿಯ ನಡುವಿನಲ್ಲಿ ಬಿತ್ತನೆ ಮುಗಿದಿರುವುದು ಒಳ್ಳೆಯದು.

ಆದರೆ ಈ ಎರಡೂ ಬೀಜಗಳನ್ನು ನೇರವಾಗಿ ಬಿತ್ತಲಾಗದು. ತವರಿನಲ್ಲಿ ಅವು ಚಳಿಗಾಲವಿಡೀ ಒದ್ದೆ ನೆಲದಲ್ಲಿ ತಣ್ಣಗೆ ಮಲಗಿದ್ದು ಆಮೇಲೆ ಮೊಳೆಯುವಂಥವು. ಮಡಿಕೇರಿಯ ಚಳಿ ನಮಗೆ ಕಂಬಳಿ ಹೊದಿಸಬಹುದು, ಆ ಬೀಜಗಳಿಗೆ ಅದು ಸಾಲದು. ಈ ಕೆಲಸವನ್ನು ಫ್ರಿಜ್ ಮಾಡಿಕೊಡುತ್ತದೆ. ಬೀಜವನ್ನು 24 ಗಂಟೆ ನೀರಿನಲ್ಲಿ ನೆನೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆಯಾದ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತರಕಾರಿ ಇಡುವ ಅರೆಯಲ್ಲಿ ಇಡಬೇಕು. ಮಂಜುಗಡ್ಡೆಯ ಅರೆಯಲ್ಲಿ ಇಡಬಾರದು. ಒದ್ದೆಯಾದ ಬೀಜ ಅಲ್ಲಿ ಸತ್ತೇ ಹೋಗುತ್ತದೆ. ಕಪ್ಪು ಪೈನಿಗೆ 30ರಿಂದ 45 ದಿನ ಸಾಕು. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿ ಮುಗಿದೊಡನೆ ಇಟ್ಟರೆ ಜನವರಿಗೆ ಸರಿಹೋಗುತ್ತದೆ. ಮೇಪಲ್‌ಗೆ ಸುಮಾರು 90 ದಿನ ಬೇಕಾದ್ದರಿಂದ ಅದನ್ನು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೇ ಇಡಬೇಕಾಗುತ್ತದೆ. ವಾರಕ್ಕೊಮ್ಮೆ ಚೀಲ ಬಿಚ್ಚಿ ನೋಡಿ, ಬೂಷ್ಟು ಹಿಡಿದ ಬೀಜವನ್ನು ಹೊರಹಾಕಬೇಕು.

ಮೇಪಲ್ ವಿಷಯದಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು. ಬೀಜ ಮೊಳೆಸಲು ಫ್ರಿಜ್ ಇದೆ; ಆದರೆ ಮುಂದೆ ಪ್ರತಿವರ್ಷವೂ ಆ ಮರ ಎಲೆ ಉದುರಿಸಿ ಹಲವು ವಾರ ವಿಶ್ರಮಿಸುವಷ್ಟು ಚಳಿಯನ್ನು ಕೊಡಗಿನಲ್ಲಿ ತರುವುದು ಎಲ್ಲಿಂದ? ಒಂದೆರಡು ವರ್ಷ ಚೆಲುವಾಗಿ ಬೆಳೆದು ಬರಬರುತ್ತ ಬಡವಾಗುವುದೇ ಹೆಚ್ಚು. ಪೈನ್ ಅದಕ್ಕಿಂತ ಸೆಖೆ ತಾಳುತ್ತದೆ. ಮೊದಲ ಬಾರಿಗೆ ಕೈಹಾಕುವವರಿಗೆ ನಾವು ಹೇಳುವುದು ಆಲ, ಅತ್ತಿ, ಹುಣಸೆಗಳನ್ನೇ. ಆಲದ ಮಾಗಿದ ಹಣ್ಣನ್ನು ನೀರಿನಲ್ಲಿ ಹಿಸುಕಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಧೂಳಿನಷ್ಟು ಸಣ್ಣದಾದ ಆ ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಅದರ ಮೇಲೆ ಮಣ್ಣು ಮುಚ್ಚಬಾರದು. ಹಳೆಯ ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ ಆಲದ ಸಸಿ ಸಿಕ್ಕರೆ ಬೀಜದ ಕೆಲಸವೂ ತಪ್ಪಿತು. ಆಳಕ್ಕಿಳಿಯಲಾಗದೆ ಅಡ್ಡಡ್ಡ ಹಬ್ಬಿದ ಅದರ ಬೇರು ಬೋನ್ಸಾಯ್‌ಗೆ ಹೇಳಿ ಮಾಡಿಸಿದಂತಿರುತ್ತದೆ.

ಪ್ರಶ್ನೆ: ಕಳೆದ ವರ್ಷ ಕಿಟಕಿಯ ಪಕ್ಕದಲ್ಲಿ ಟ್ರೇ ಇಟ್ಟು ಪೈನ್ ಮತ್ತು ಹುಣಸೆ ಬೀಜ ಹಾಕಿದೆ. ಚೆನ್ನಾಗಿ ಮೊಳೆತವು, ಆಮೇಲೆ ನೀಳವಾಗಿ ಬೆಳೆದು, ಎರಡು ವಾರದೊಳಗೆ ಬುಡದಲ್ಲಿ ಕಪ್ಪಾಗಿ ಒಂದೊಂದಾಗಿ ಬಿದ್ದುಹೋದವು. ಕಾಫಿ ನರ್ಸರಿಗೆ ಮಾಡುವ ಮಣ್ಣಿನ ಮಿಶ್ರಣವನ್ನೇ ಹಾಕಿದ್ದೆ. ತಪ್ಪು ಎಲ್ಲಾಯಿತು?
(ಸೋಮವಾರಪೇಟೆಯ ಓದುಗರು)

ಉತ್ತರ: ಇಲ್ಲಿ ಎರಡು ತೊಂದರೆಗಳು ಒಟ್ಟಿಗೆ ಸೇರಿವೆ. ಬುಡ ಕಪ್ಪಾಗಿ ಬೀಳುವುದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ, ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಕಾಡುಮಣ್ಣು, ಕೊಳೆತ ಗೊಬ್ಬರ, ಮರಳು ಸೇರಿದ ನರ್ಸರಿ ಮಿಶ್ರಣ ಕಾಫಿ ಗಿಡಕ್ಕೆ ಉತ್ತಮವಾದದ್ದೇ. ಆದರೆ ಗಾಳಿಯಾಡುವ ಚಪ್ಪರದ ಕೆಳಗೆ ಸರಿಯಾಗಿರುವ ಆ ಮಣ್ಣು ಮುಚ್ಚಿದ ಕೋಣೆಯ ಟ್ರೇಯಲ್ಲಿ ದಿನಗಟ್ಟಲೆ ಒಣಗದೆ ರೋಗವನ್ನು ಸಾಕುತ್ತದೆ. ಒಳಗೆ ಬಿತ್ತುವವರು ಕಾಡುಮಣ್ಣನ್ನೂ ಗೊಬ್ಬರವನ್ನೂ ಬಿಟ್ಟು, ತೊಳೆದ ದಪ್ಪ ಮರಳು ಮತ್ತು ನಾರಿನ ಪುಡಿಯನ್ನು ಸಮಸಮ ಬೆರೆಸಿ, ಮೇಲೆ ಕುದಿಯುವ ನೀರು ಸುರಿದು, ಆರಿದ ಬಳಿಕ ರೋಗಾಣುಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಸ್ವಲ್ಪ ಸೇರಿಸಿಕೊಳ್ಳಬಹುದು. ಕರಿಮೆಣಸಿನ ಬಳ್ಳಿಗೆ ಅದನ್ನು ಹಾಕಿ ರೂಢಿಯಿದ್ದವರಿಗೆ ಇದು ಹೊಸದೇನಲ್ಲ. ತೋಟದಲ್ಲಿ ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಮಾತ್ರ ಎಳೆ ಸಸಿಗೆ ಸಿಂಪಡಿಸಬೇಡಿ, ಬೀಜದೆಲೆ ಸುಟ್ಟುಹೋಗಬಹುದು. ನೀರನ್ನು ಮೇಲಿನಿಂದ ಸುರಿಯದೆ, ಟ್ರೇಯನ್ನು ಹತ್ತು ನಿಮಿಷ ನೀರಿನಲ್ಲಿ ಕೂರಿಸಿ ತಳದಿಂದ ಹೀರಿಸಬೇಕು. ಮೇಜಿನ ಸಣ್ಣ ಫ್ಯಾನೊಂದನ್ನು ಗೋಡೆಯ ಕಡೆ ತಿರುಗಿಸಿಟ್ಟು, ದಿನಕ್ಕೆ ನಾಲ್ಕಾರು ಗಂಟೆ ಗಾಳಿ ಅಲುಗುವಂತೆ ಮಾಡಿದರೆ ಬುಡ ಒಣಗಿರುತ್ತದೆ, ಕಾಂಡವೂ ಗಟ್ಟಿಯಾಗುತ್ತದೆ.

ಸಸಿ ನೀಳವಾಗಿ ಬೆಳೆದದ್ದು ಬೆಳಕಿನ ಕೊರತೆಯಿಂದ. ಚಳಿಗಾಲದಲ್ಲಿ ಹಗಲು ಚಿಕ್ಕದಾಗುವುದನ್ನು ಇದಕ್ಕೆ ದೂರುವವರಿದ್ದಾರೆ. ಆದರೆ ಕೊಡಗಿನಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 25 ನಿಮಿಷ, ಜೂನ್‌ನ ಅತಿ ದೊಡ್ಡ ಹಗಲು ಸುಮಾರು 12 ಗಂಟೆ 50 ನಿಮಿಷ. ಒಂದೂವರೆ ಗಂಟೆಯೂ ಇಲ್ಲದ ಈ ವ್ಯತ್ಯಾಸ ಸಸಿಯನ್ನು ಕೆಡಿಸುವಂಥದ್ದಲ್ಲ. ಕೆಡಿಸುವುದು ಸೂರು ಇಳಿಬಿಟ್ಟ ನಮ್ಮ ಮನೆಗಳ ಒಳಗತ್ತಲೆ. ನಾಲ್ಕಡಿ ಉದ್ದದ 20 ವ್ಯಾಟಿನ ಎರಡು ಬಿಳಿ ಎಲ್‌ಇಡಿ ಟ್ಯೂಬುಗಳನ್ನು ಸಸಿಯ ತುದಿಯಿಂದ 15ರಿಂದ 20 ಸೆಂಟಿಮೀಟರ್ ಎತ್ತರದಲ್ಲಿ ತೂಗುಹಾಕಿ, ಸಸಿ ಏರಿದಂತೆ ಅವುಗಳನ್ನೂ ಏರಿಸುತ್ತ, ದಿನಕ್ಕೆ 14 ಗಂಟೆ ಉರಿಸಿದರೆ ಸಾಕು. ವಿಶೇಷ ದೀಪವೆಂದು ದುಬಾರಿ ಬೆಲೆಗೆ ಮಾರುವ ನೇರಳೆ ಬಣ್ಣದ ದೀಪ ಅಗತ್ಯವಿಲ್ಲ. ವಿದ್ಯುತ್ ಒಂದು ದಿನ ಕೈಕೊಟ್ಟರೆ ಗಾಬರಿ ಬೇಡ, ಟ್ರೇಯನ್ನು ವರಾಂಡಕ್ಕೆ ಒಯ್ದರಾಯಿತು.

ಪ್ರಶ್ನೆ: ಬಚ್ಚಲುಮನೆಯ ಹಂಡೆ ಒಲೆಯ ಹಿಂದಿನ ಗೋಡೆ ಸದಾ ಬೆಚ್ಚಗಿರುತ್ತದೆ. ಬೀಜದ ಟ್ರೇಯನ್ನು ಅಲ್ಲಿಡಬಹುದೇ?
(ನಾಪೋಕ್ಲಿನ ಓದುಗರು)

ಉತ್ತರ: ಮೊಳಕೆ ಬರುವವರೆಗೆ ಇಡಬಹುದು, ಹೊಗೆ ತಾಗದಂತಿದ್ದರೆ. ಹುಣಸೆ, ಆಲ 25ರಿಂದ 30 ಡಿಗ್ರಿಯಲ್ಲಿ ಬೇಗ ಮೊಳೆಯುತ್ತವೆ. ಪೈನಿಗೆ 20ರಿಂದ 25 ಸಾಕು. ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಒಳ್ಳೆಯ ಥರ್ಮಾಮೀಟರ್ ಒಂದನ್ನು ಕೊಂಡು ಟ್ರೇಯ ಪಕ್ಕದಲ್ಲಿಡಿ. ಕೈಯಿಂದ ಮುಟ್ಟಿ ಅಂದಾಜು ಮಾಡಿದ ಬೆಚ್ಚಗೆ ಅನೇಕ ಬಾರಿ ತಪ್ಪುತ್ತದೆ. ಮೊದಲ ಮೊಳಕೆ ತಲೆ ಎತ್ತಿದ ದಿನವೇ ಟ್ರೇಯನ್ನು ಅಲ್ಲಿಂದ ತೆಗೆದು ದೀಪದ ಕೆಳಗಿಡಬೇಕು. ಬೆಳಕಿಲ್ಲದ ಬಿಸಿಯಷ್ಟು ಬೇಗ ಸಸಿಯನ್ನು ಹಾಳುಮಾಡುವುದು ಬೇರೊಂದಿಲ್ಲ.

ಪ್ರಶ್ನೆ: ಪೈನ್ ಸಸಿಯ ಬೇರನ್ನು ಎಳೆಯದರಲ್ಲೇ ಕತ್ತರಿಸಬೇಕೆನ್ನುತ್ತಾರೆ. ನಿಜವೇ? ಸಸಿಯನ್ನು ಬೋನ್ಸಾಯ್ ತಟ್ಟೆಗೆ ಯಾವಾಗ ಹಾಕಬೇಕು?
(ವಿರಾಜಪೇಟೆಯ ಓದುಗರು)

ಉತ್ತರ: ನಿಜ, ಆದರೆ ಅದನ್ನು ಎಲ್ಲ ಸಸಿಗಳಿಗೂ ಒಮ್ಮೆಲೇ ಮಾಡಬೇಡಿ. ಮೊಳೆತ ಆರೆಂಟು ವಾರಗಳಲ್ಲಿ, ಕಾಂಡ ಇನ್ನೂ ಮೆತ್ತಗಿರುವಾಗ, ಬೇರಿನ ಭಾಗವನ್ನು ಪೂರ್ತಿ ಕತ್ತರಿಸಿ, ಕಾಂಡದ ತುದಿಯನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಒದ್ದೆ ಮರಳಿನಲ್ಲಿ ನೆಟ್ಟು, ಮೇಲೆ ಪಾರದರ್ಶಕ ಡಬ್ಬಿ ಕವುಚಿದರೆ, ಸುತ್ತಲೂ ಸಮನಾಗಿ ಹೊಸ ಬೇರು ಹೊರಡುತ್ತದೆ. ಮುಂದೆ ಮರದ ಬುಡ ಚೆಲುವಾಗುವುದು ಇದರಿಂದಲೇ. ಒಂದಷ್ಟು ಸಸಿ ಸಾಯುವುದು ಸಹಜವಾದ್ದರಿಂದ ಅರ್ಧವನ್ನು ಹಾಗೆಯೇ ಉಳಿಸಿಕೊಳ್ಳಿ. ಹುಣಸೆಗೆ ಇಷ್ಟು ಬೇಡ. ಕುಂಡ ಬದಲಿಸುವಾಗ ತಾಯಿಬೇರಿನ ಕೆಳಭಾಗ ಕತ್ತರಿಸಿದರೆ ಸಾಕು. ತಟ್ಟೆಯ ಮಾತು ಇನ್ನೂ ಮೂರು ನಾಲ್ಕು ವರ್ಷ ಬೇಡ. ಕಾಂಡ ದಪ್ಪವಾಗುವುದು ಆಳವಾದ ಕುಂಡದಲ್ಲಿ ಅಥವಾ ನೆಲದಲ್ಲಿ. ತಟ್ಟೆಗೆ ಹಾಕಿದ ಮೇಲೆ ಬೆಳವಣಿಗೆ ನಿಧಾನವಾಗುತ್ತದೆ. ಪಳಗಿದ ಮರದ ಬುಡ ಹೇಗಿರುತ್ತದೆಂದು ನೋಡಬೇಕಿದ್ದರೆ ಮೈಸೂರಿನ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಒಮ್ಮೆ ಹೋಗಿಬನ್ನಿ.

ಪ್ರಶ್ನೆ: ಒಳಗೆ ಬೆಳೆದ ಸಸಿಗಳನ್ನು ಹೊರಗಿಡುವುದು ಹೇಗೆ? ಮಳೆಗಾಲದಲ್ಲಿ ಏನು ಮಾಡಬೇಕು?
(ಗೋಣಿಕೊಪ್ಪಲಿನ ಓದುಗರು)

ಉತ್ತರ: ಮಾರ್ಚ್ ಮೊದಲ ವಾರದಲ್ಲಿ ಕಾಫಿ ಗಿಡದ ನೆರಳಿನಂಥ ಚದುರಿದ ನೆರಳಿನಲ್ಲಿ ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ, ಎರಡು ವಾರದಲ್ಲಿ ಬೆಳಗಿನ ಬಿಸಿಲಿಗೆ ಒಗ್ಗಿಸಬೇಕು. ದೀಪದ ಬೆಳಕಿನಲ್ಲಿ ಹುಟ್ಟಿದ ಎಲೆ ನಡುಹಗಲ ಬಿಸಿಲನ್ನು ಮೊದಲ ದಿನವೇ ತಾಳದು. ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಆಲಿಕಲ್ಲು ಬೀಳುವುದುಂಟು, ಸಂಜೆ ಮೋಡ ಕಂಡರೆ ಟ್ರೇಯನ್ನು ಒಳಗೆ ತನ್ನಿ. ಜೂನ್ ಬಂದ ಮೇಲೆ ಮೇಲೊಂದು ಪಾರದರ್ಶಕ ಹಾಳೆ ಹೊದಿಸಿ, ನಾಲ್ಕು ಬದಿಯೂ ತೆರೆದಿರುವ ಚಪ್ಪರದಲ್ಲಿ ಇಡುವುದು ಕ್ಷೇಮ. ಮಳೆನೀರು ನೇರವಾಗಿ ಕುಂಡಕ್ಕೆ ಬೀಳಬಾರದು.

ಜನವರಿಯಲ್ಲಿ ಕೊಂಡ ಟ್ಯೂಬುಗಳನ್ನು ಅಟ್ಟಕ್ಕೆ ಹಾಕಿಬಿಡಬೇಡಿ. ಚಳಿಗಾಲದಲ್ಲಿ ಕೊಡಗಿನಲ್ಲಿ ಮನೆಯ ಹೊರಗೆ ಬಿಸಿಲಿಗೆ ಬರವಿಲ್ಲ. ಬೆಳಕಿಗೆ ನಿಜವಾದ ಬರ ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡದಲ್ಲಿ, ವಾರವಿಡೀ ಸೂರ್ಯನ ಮುಖ ಕಾಣದ ದಿನಗಳಲ್ಲಿ. ಪೈನ್ ಸಸಿಗಳನ್ನು ಆಗ ಮತ್ತೆ ದೀಪದ ಕೆಳಗೆ ತಂದು, ನೀರನ್ನು ವಾರಕ್ಕೊಮ್ಮೆ ಮಣ್ಣು ಮುಟ್ಟಿ ನೋಡಿ ಕೊಡಿ. ಆಲದ ಸಸಿಗಳು ಹೊರಗೇ ಇರಲಿ.