ಇಜ್ಮಿರ್ ಬೀದಿಗಳಿಗೆ ಹೊಸಬರಾಗಿ ಬರುವವರಿಗೆ

ಕೆಲಸದ ಮೇಲೆ ಟರ್ಕಿಯ ಇಜ್ಮಿರ್‌ಗೆ ಬರುತ್ತಿದ್ದೇನೆ, ದಿನಾ ಬೀದಿಯಲ್ಲಿ ಏನೇನು ಕಾಣುತ್ತೆ, ಯಾವ ಜಾಗಗಳನ್ನು ಮೊದಲೇ ಗುರುತಿಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ. ಇಸ್ತಾನ್‌ಬುಲ್‌ನ ವಿಡಿಯೋ ನೋಡಿ ಲೆಕ್ಕ ಹಾಕಿದ್ದರೆ ಅದನ್ನು ಬದಿಗಿಡಿ. ಇಲ್ಲಿ ನೋಡುವ ಜಾಗ ಬೇರೆ, ಓಡಾಡುವ ಜಾಗ ಬೇರೆ ಅಂತಿಲ್ಲ. ಪ್ರವಾಸಿಗರು ಫೋಟೊ ತೆಗೆಯುವ ಗಡಿಯಾರ ಗೋಪುರದ ಪಕ್ಕದಲ್ಲೇ ನೀವು ದಿನಾ ಬಸ್ಸು, ಮೆಟ್ರೊ, ಹಡಗು ಬದಲಾಯಿಸುತ್ತೀರಿ.

ಗುರುತಿನ ಜಾಗ ಯಾಕೆ ಮುಖ್ಯ ಅಂದರೆ, ಇಜ್ಮಿರ್‌ನಲ್ಲಿ ದೊಡ್ಡ ರಸ್ತೆಗಳಿಗೆ ಹೆಸರಿದೆ, ಒಳಬೀದಿಗಳಿಗೆ ಹೆಚ್ಚಾಗಿ ಬರೀ ನಂಬರು. ಪಕ್ಕಪಕ್ಕದ ನಂಬರುಗಳು ಪಕ್ಕಪಕ್ಕದಲ್ಲೇ ಸಿಗುತ್ತವೆ ಅನ್ನುವ ಭರವಸೆ ಇಲ್ಲ. ವಿಳಾಸದಲ್ಲಿ ಮೊದಲು ಬೀದಿ ನಂಬರು, ಅಂದರೆ ಸೊಕಾಕ್. ಆಮೇಲೆ ಕಟ್ಟಡದ ನಂಬರು. ಆಮೇಲೆ ಕಾತ್, ಅದು ಮಹಡಿ. ಕೊನೆಗೆ ದಾಯಿರೆ, ಅದು ನಿಮ್ಮ ಮನೆ. ದಾಯಿರೆ ನಂಬರು ಬಿಟ್ಟರೆ ಪಾರ್ಸೆಲ್ ಹುಡುಗ ಕೆಳಗೆ ನಿಂತು ಯಾವ ಬೆಲ್ ಒತ್ತಬೇಕು ಅಂತ ಗೊತ್ತಾಗದೆ ವಾಪಸ್ ಹೋಗುತ್ತಾನೆ, ಯಾಕೆಂದರೆ ಬೆಲ್ ಪಟ್ಟಿಯಲ್ಲಿ ಹಳೇ ಬಾಡಿಗೆದಾರರ ಹೆಸರು ಹಾಗೇ ಉಳಿದಿರುತ್ತೆ. ಆರ್ಡರ್ ಮಾಡುವಾಗ ದಾರಿ ವಿವರಿಸುವ ಖಾಲಿ ಜಾಗ ಕೊಟ್ಟಿರುತ್ತಾರೆ. ಅಲ್ಲಿ ಹತ್ತಿರದ ಮಸೀದಿ, ಶಾಲೆ ಅಥವಾ ಔಷಧಿ ಅಂಗಡಿಯ ಹೆಸರು ಬರೆಯಿರಿ. ಟ್ಯಾಕ್ಸಿಯವರಿಗೂ ಅದನ್ನೇ ಹೇಳಿ.

ದಿಕ್ಕಿಗೆ ಕೊಲ್ಲಿಯೇ ಆಧಾರ. ಸಮುದ್ರ ಒಳಗೆ ನುಗ್ಗಿ ಬಂದಿದೆ, ಊರು ಅದನ್ನು ಸುತ್ತುವರಿದಿದೆ. ಅಲ್ಸಾಂಜಾಕ್‌ನ ಕೊರ್ದೊನ್ ದಂಡೆಯಲ್ಲಿ ನೀರಿಗೆ ಮುಖ ಮಾಡಿ ನಿಂತರೆ ಬಲಕ್ಕೆ ಎದುರು ದಡದ ಕಾರ್ಶಿಯಾಕಾ, ಎಡಕ್ಕೆ ಕೊನಾಕ್, ಬೆನ್ನ ಹಿಂದೆ ಎಡಬದಿಯ ಗುಡ್ಡದ ಮೇಲೆ ಕದಿಫೆಕಾಲೆ ಕೋಟೆ. ಇಷ್ಟು ತಲೆಯಲ್ಲಿದ್ದರೆ ಫೋನಿನ ಬ್ಯಾಟರಿ ಹೋದರೂ ಮನೆ ಸೇರಬಹುದು.

ಕೊನಾಕ್ ಚೌಕದ ಗಡಿಯಾರ ಗೋಪುರ 1901ರದ್ದು. ಒಟ್ಟೋಮನ್ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಪಟ್ಟಕ್ಕೆ ಬಂದು 25 ವರ್ಷವಾದದ್ದಕ್ಕೆ ಕಟ್ಟಿದ್ದು, ಎತ್ತರವೂ 25 ಮೀಟರ್. ಪಕ್ಕದಲ್ಲೇ ಎಂಟು ಮೂಲೆಯ ಪುಟ್ಟ ಮಸೀದಿ, ಹೊರಗೋಡೆಗೆ ಕುತಾಹ್ಯಾದ ಬಣ್ಣದ ಹೆಂಚು. ಯಾರನ್ನಾದರೂ ಭೇಟಿಯಾಗಬೇಕಿದ್ದರೆ ಎಲ್ಲರೂ ಹೇಳುವುದು "ಗಡಿಯಾರದ ಹತ್ತಿರ" ಅಂತಲೇ. ಶನಿವಾರ ಸಂಜೆ ಅಲ್ಲಿ ಅಷ್ಟು ಜನರ ನಡುವೆ ಒಬ್ಬರನ್ನು ಹುಡುಕುವುದು ಕಷ್ಟ. ಮಸೀದಿ ಬಾಗಿಲ ಬಳಿ ಅಂತ ಹೇಳಿಬಿಡಿ.

ಚೌಕದಿಂದ ಒಳಗೆ ಹೋದರೆ ಕೆಮೆರಾಲ್ತಿ ಪೇಟೆ. ಅದರ ಮುಖ್ಯ ರಸ್ತೆ ಅನಾಫರ್ತಲಾರ್ ನೆಟ್ಟಗಿಲ್ಲ, ಬಿಲ್ಲಿನ ಹಾಗೆ ಬಾಗಿದೆ. ಹಿಂದೆ ಅಲ್ಲಿ ಒಳಬಂದರು ಇತ್ತು; ಅದು ಹೂಳು ತುಂಬಿ ಮುಚ್ಚಿದ ಮೇಲೆ ಹಳೇ ದಡದ ಗೆರೆಯೇ ರಸ್ತೆಯಾಗಿ ಉಳಿಯಿತು. ಹೊಸಬರು ನೇರ ನಡೆಯುತ್ತಿದ್ದೇವೆ ಅಂದುಕೊಂಡು ಬೇರೆಲ್ಲೋ ಹೊರಬರುವುದು ಇದರಿಂದಲೇ. ಒಳಗೆ 1744ರ ಕಿಜ್‌ಲಾರಾಸಿ ಹಾನ್ ಇದೆ, ವ್ಯಾಪಾರಿಗಳು ಒಂಟೆ ಸಮೇತ ತಂಗುತ್ತಿದ್ದ ಛತ್ರ. ಈಗ ಅಂಗಳದಲ್ಲಿ ಕಾಫಿ, ಸುತ್ತ ಕರಕುಶಲದ ಅಂಗಡಿಗಳು. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಸಾಲೆ ಅಂಗಡಿ. ಜೀರಿಗೆ, ಅರಿಶಿನ, ಕೊತ್ತಂಬರಿ ಬೀಜ, ಮೆಂತ್ಯ, ಹೆಸರುಕಾಳು, ಕಡಲೆಹಿಟ್ಟು, ಕೆಂಪು ಮಸೂರ ಬೇಳೆ ಎಲ್ಲ ಸಿಗುತ್ತವೆ. ತೊಗರಿಬೇಳೆ, ಕರಿಬೇವು ಸಿಗುತ್ತೆ ಅಂತ ನಂಬಿಕೊಂಡು ಬರಬೇಡಿ. ಸಾರಿನ ಪುಡಿ, ಇಂಗು ಊರಿಂದಲೇ ತನ್ನಿ. ಭಾನುವಾರ ಪೇಟೆಯ ಬಹುತೇಕ ಅಂಗಡಿ ಮುಚ್ಚಿರುತ್ತೆ.

ಬೆಳಗ್ಗೆ ಬೀದಿ ಮೂಲೆಯ ಗಾಜಿನ ಗಾಡಿಯಲ್ಲಿ ಕಾಣುವ ಎಳ್ಳು ಮೆತ್ತಿದ ಬಳೆಯಾಕಾರದ ರೊಟ್ಟಿಗೆ ಬೇರೆ ಊರುಗಳಲ್ಲಿ ಸಿಮಿತ್ ಅನ್ನುತ್ತಾರೆ, ಇಲ್ಲಿ ಗೆವ್ರೆಕ್. ಪಕ್ಕದಲ್ಲೇ ಬೊಯೊಜ್: ಎಣ್ಣೆ ಹಚ್ಚಿ ಪದರ ಮಾಡಿ ಸುಟ್ಟದ್ದು, 1492ರಲ್ಲಿ ಸ್ಪೇನ್‌ನಿಂದ ಹೊರಬಿದ್ದ ಯಹೂದಿಗಳ ಅಡುಗೆಯಿಂದ ಬಂದದ್ದು. ಜೊತೆಗೆ ಒಲೆಯಲ್ಲಿ ಕಂದು ಬಣ್ಣಕ್ಕೆ ಬೇಯಿಸಿದ ಮೊಟ್ಟೆ ಕೊಡುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ಬಿಸಿಯಾಗಿ ತಿನ್ನಬೇಕು, ಮಧ್ಯಾಹ್ನ ಉಳಿದದ್ದು ತಣ್ಣಗಾಗಿ ಬರೀ ಜಿಡ್ಡು. ಸಸ್ಯಾಹಾರಿಗಳು ಎಚ್ಚರ ಇಡಬೇಕಾದದ್ದು ಸೂಪಿನಲ್ಲಿ: ಬೇಳೆ ಸೂಪ್ ಅಂತ ಬರೆದಿದ್ದರೂ ಎಷ್ಟೋ ಕಡೆ ಮಾಂಸ ಬೇಯಿಸಿದ ನೀರಲ್ಲಿ ಮಾಡಿರುತ್ತಾರೆ. "ಎತ್ ಸುಯು ವಾರ್ ಮಿ", ಮಾಂಸದ ನೀರು ಇದೆಯಾ ಅಂತ ಕೇಳಿ. ಜೈತಿನ್‌ಯಾಲಿ ಅಂತ ಫಲಕದಲ್ಲಿದ್ದರೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿದ ತರಕಾರಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಅಂಗಡಿಗಳಲ್ಲಿ ಮಾರುವ ಚಿಯ್ ಕೊಫ್ತೆ ಹೆಸರಿಗಷ್ಟೇ ಕೊಫ್ತೆ; ಗೋಧಿ ನುಚ್ಚು, ಮೆಣಸಿನ ಖಾರ, ದಾಳಿಂಬೆ ಹುಳಿ.

ತರಕಾರಿಗೆ ಸೂಪರ್‌ಮಾರ್ಕೆಟ್ಟಿಗಿಂತ ವಾರದ ಸಂತೆ, ಪಜಾರ್. ಬಡಾವಣೆಗೊಂದು ದಿನ, ಬೊಸ್ತಾನ್ಲಿಯದು ಬುಧವಾರ, ತರಕಾರಿಯ ಜೊತೆ ಬಟ್ಟೆಯ ಸಾಲೂ ದೊಡ್ಡದು. ದರ ಹಲಗೆಯ ಮೇಲೆ ಬರೆದಿರುತ್ತಾರೆ, ತರಕಾರಿಗೆ ಚೌಕಾಸಿ ನಡೆಯುವುದಿಲ್ಲ. ಮುಂದಿನ ಸಾಲಿನಲ್ಲಿ ಹೊಳೆಯುವ ಹಣ್ಣು ಜೋಡಿಸಿ ಹಿಂದಿನ ರಾಶಿಯಿಂದ ಚೀಲ ತುಂಬುವವರು ಇಲ್ಲೂ ಇದ್ದಾರೆ. "ಬೆನ್ ಸೆಚೆಯಿಮ್", ನಾನೇ ಆರಿಸಿಕೊಳ್ಳುತ್ತೇನೆ ಅನ್ನಿ. ಒಪ್ಪದಿದ್ದರೆ ಮುಂದಿನ ಗಾಡಿಗೆ ಹೋಗಿ. ಕತ್ತಲಾಗುವ ಹೊತ್ತಿಗೆ ಬೆಲೆ ಇಳಿಯುತ್ತೆ, ಸೊಪ್ಪು ಮಾತ್ರ ಅಷ್ಟರಲ್ಲಿ ಬಾಡಿರುತ್ತೆ. ಏಜಿಯನ್ ಕಡೆಯವರು ಸೊಪ್ಪು ತಿನ್ನುವ ಜನ: ಬೇಸಿಗೆಯಲ್ಲಿ ಗೋಣಿ ಸೊಪ್ಪು ರಾಶಿ ಬೀಳುತ್ತೆ, ಚಳಿಗಾಲದ ಕೊನೆಗೆ ಮೈ ತುರಿಸುವ ಕಾಡು ಸೊಪ್ಪೂ ಬರುತ್ತೆ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೊತ್ತಂಬರಿ ಅಂತ ತೋರುವ ಕಟ್ಟು ಬಹುಮಟ್ಟಿಗೆ ಪಾರ್ಸ್ಲಿ, ಮೂಸಿ ನೋಡಿ.

ಓಡಾಟಕ್ಕೆ ಇಜ್ಮಿರಿಮ್ ಕಾರ್ತ್ ಅನ್ನುವ ಒಂದೇ ಕಾರ್ಡು: ಬಸ್ಸು, ಮೆಟ್ರೊ, ಟ್ರಾಮ್, ಹಡಗು, ಇಜ್‌ಬಾನ್ ರೈಲು ಎಲ್ಲಕ್ಕೂ. ವಿಮಾನ ನಿಲ್ದಾಣಕ್ಕೂ ಇಜ್‌ಬಾನ್ ಹೋಗುತ್ತೆ. ಅದರಲ್ಲಿ ದೂರ ನೋಡಿ ದರ. ಒಳಹೋಗುವಾಗ ಕಾರ್ಡಿನಲ್ಲಿ ಸಾಕಷ್ಟು ಹಣ ಇರಬೇಕು. ಇಳಿದ ಮೇಲೆ ಇಯಾದೆ (ವಾಪಸ್) ಅಂತ ಬರೆದ ಯಂತ್ರಕ್ಕೆ ಮತ್ತೆ ಕಾರ್ಡು ಮುಟ್ಟಿಸಿದರೆ ಮಾತ್ರ ಹೆಚ್ಚಿಗೆ ಹಿಡಿದದ್ದು ವಾಪಸ್. ಆತುರದಲ್ಲಿ ಗೇಟು ದಾಟಿ ಹೊರಬಂದರೆ ಅದು ಹೋದಂತೆಯೇ. ಕೊನಾಕ್–ಕಾರ್ಶಿಯಾಕಾ ಹಡಗು ಸುಮಾರು 20 ನಿಮಿಷ. ರಸ್ತೆಯಲ್ಲಿ ಕೊಲ್ಲಿ ಸುತ್ತಿಕೊಂಡು ಹೋಗುವವರಿಗಿಂತ ಎಷ್ಟೋ ಸುಖ. ಹೊರಗಿನ ಬೆಂಚಿನಲ್ಲಿ ಗೆವ್ರೆಕ್ ಹಿಡಿದು ಕೂತರೆ ಕಡಲಹಕ್ಕಿಗಳಿಗೆ ಪಾಲು ಕೊಡಲೇಬೇಕಾಗುತ್ತೆ. ಚಳಿಗಾಲದಲ್ಲಿ ಲೊದೋಸ್ ಎಂಬ ನೈಋತ್ಯದ ಗಾಳಿ ಎದ್ದ ದಿನ ಹಡಗು ರದ್ದಾಗುತ್ತೆ, ಕೆಲವೊಮ್ಮೆ ಅಲೆ ಕೊರ್ದೊನ್ ರಸ್ತೆಗೇ ನುಗ್ಗುತ್ತೆ. ಅಂಥ ದಿನಕ್ಕೆ ಮೆಟ್ರೊ–ಇಜ್‌ಬಾನ್ ದಾರಿ ಗೊತ್ತಿರಲಿ, ಹಲ್ಕಾಪಿನಾರ್‌ನಲ್ಲಿ ಬದಲಾಯಿಸಬೇಕು.

ಅಸಾನ್ಸೋರ್ ಅನ್ನುವ ಇಟ್ಟಿಗೆ ಗೋಪುರದ ಲಿಫ್ಟು 1907ರದ್ದು, ನೆಸಿಮ್ ಲೆವಿ ಎಂಬ ಯಹೂದಿ ವ್ಯಾಪಾರಿ ಕಟ್ಟಿಸಿದ್ದು. ಕಡಲ ಕಡೆಯ ಕೆಳಗಿನ ಬೀದಿಯಿಂದ ಬಂಡೆಯ ಮೇಲಿನ ಬೀದಿಗೆ 155 ಮೆಟ್ಟಿಲು ಹತ್ತುವ ಕಷ್ಟ ತಪ್ಪಿಸಲು. ಇಂದಿಗೂ ಅಲ್ಲಿನ ಜನ ಚೀಲ ಹಿಡಿದು ಅದರಲ್ಲೇ ಹತ್ತಿಳಿಯುತ್ತಾರೆ. ಹಾಗಾಗಿ ಸಂಜೆ ಸೂರ್ಯಾಸ್ತಕ್ಕೆ ಪ್ರವಾಸಿಗರ ಸಾಲು ಬೆಳೆದಾಗ ಅಜ್ಜಿಯರಿಗೆ ದಾರಿ ಬಿಡಿ.

ಮನೆ ಹುಡುಕುವಾಗ ನೋಟಕ್ಕೆ ಮರುಳಾಗಬೇಡಿ. ಬೇಸಿಗೆ ಮಧ್ಯಾಹ್ನ ಕೊಲ್ಲಿಯಿಂದ ಇಂಬಾತ್ ಗಾಳಿ ಬೀಸುತ್ತೆ, ಅದೇ ಈ ಊರಿನ ಜೀವ. ಆದರೆ ಕೊರ್ದೊನ್‌ನ ಎತ್ತರದ ಕಟ್ಟಡಗಳ ಸಾಲು ಅದಕ್ಕೆ ಗೋಡೆಯಾಗಿ ನಿಂತಿದೆ. ದಂಡೆಗೆ ಅಡ್ಡಲಾಗಿ ಹೊರಟ ಬೀದಿಗೆ ಗಾಳಿ ಸಿಗುತ್ತೆ, ಸಮಾನಾಂತರದ ಹಿಂಬೀದಿಗೆ ಸಿಗುವುದಿಲ್ಲ. ಸೆಕೆಗಾಲದಲ್ಲಿ ಒಳಕೊಲ್ಲಿಯ ನೀರು ನಾರುವುದೂ ಉಂಟು; 2024ರ ಆಗಸ್ಟ್‌ನಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದವು. ಅದಕ್ಕಿಂತ ದೊಡ್ಡ ವಿಷಯ ಭೂಕಂಪ. 2020ರ ಅಕ್ಟೋಬರ್ 30ರ ಕಂಪನದ ಕೇಂದ್ರ ದೂರ ಸಮುದ್ರದಲ್ಲಿದ್ದರೂ, ಇಜ್ಮಿರ್‌ನ ಮೆಕ್ಕಲು ಮಣ್ಣಿನ ಬಾಯ್ರಾಕ್ಲಿ ಭಾಗದಲ್ಲಿ ಕಟ್ಟಡಗಳು ಉರುಳಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಕಟ್ಟಡ ಯಾವ ವರ್ಷದ್ದು ಕೇಳಿ. ಕೆಳಗೆ ಅಂಗಡಿಯಿದ್ದರೆ ಒಳಹೋಗಿ ಕಂಬಗಳನ್ನು ನೋಡಿ. ಜಾಗ ದೊಡ್ಡದಾಗಲಿ ಅಂತ ಕಂಬವನ್ನೇ ಕಡಿದ ಪ್ರಕರಣಗಳು ಟರ್ಕಿಯಲ್ಲಿ ಹೊಸತಲ್ಲ. ದಾಸ್ಕ್ ಎಂಬ ಕಡ್ಡಾಯ ಭೂಕಂಪ ವಿಮೆಯ ಪಾಲಿಸಿ ನಂಬರು ಮಾಲೀಕರಿಂದ ಮೊದಲೇ ಪಡೆಯಿರಿ, ಕರೆಂಟು, ನೀರಿನ ಸಂಪರ್ಕ ನಿಮ್ಮ ಹೆಸರಿಗೆ ಮಾಡುವಾಗ ಕೇಳುತ್ತಾರೆ. ಉದ್ಯಾನಗಳಲ್ಲಿ ಕಾಣುವ ಹಸಿರು ಫಲಕ ಭೂಕಂಪವಾದಾಗ ಸೇರುವ ಜಾಗದ್ದು, ನಿಮ್ಮ ಬೀದಿಯದು ಯಾವುದು ಅಂತ ನೋಡಿಟ್ಟುಕೊಳ್ಳಿ.

ನವೆಂಬರ್ 10ರ ಬೆಳಗ್ಗೆ 9:05ಕ್ಕೆ ಊರಿಡೀ ಸೈರನ್ ಕೂಗಿದರೆ ಗಾಬರಿ ಬೇಡ, 1938ರಲ್ಲಿ ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ತೀರಿಕೊಂಡ ಗಳಿಗೆ ಅದು. ಕಾರುಗಳು ನಡುರಸ್ತೆಯಲ್ಲೇ ನಿಲ್ಲುತ್ತವೆ, ಜನ ಇಳಿದು ನಿಲ್ಲುತ್ತಾರೆ. ನೀವೂ ನಿಲ್ಲಿ, ಫೋನ್ ಎತ್ತಬೇಡಿ. ರಂಜಾನಿನಲ್ಲಿ ಬೆಳಗಿನ ಜಾವ ಬೀದಿಯಲ್ಲಿ ಡೋಲು ಬಾರಿಸಿಕೊಂಡು ಹೋಗುವವನು ತಿಂಗಳ ಕೊನೆಗೆ ಮನೆ ಬಾಗಿಲಿಗೆ ಭಕ್ಷೀಸು ಕೇಳಲು ಬರುತ್ತಾನೆ, ಚಿಲ್ಲರೆ ಇಟ್ಟುಕೊಂಡಿರಿ.

ಬೆಕ್ಕುಗಳ ಬಗ್ಗೆ ಕೇಳಿರಬಹುದು: ಅಂಗಡಿ ಮುಂದಿನ ಕುರ್ಚಿಯಲ್ಲಿ ಮಲಗಿದ್ದರೆ ಎಬ್ಬಿಸುವ ರೂಢಿ ಇಲ್ಲ, ಬೇರೆ ಕುರ್ಚಿ ನೋಡಿಕೊಳ್ಳಿ. ರಸ್ತೆ ದಾಟುವಾಗ ಮಾತ್ರ ಹಸಿರು ದೀಪವನ್ನು ಪೂರ್ತಿ ನಂಬಬೇಡಿ, ಬಲಕ್ಕೆ ತಿರುಗುವ ಕಾರೂ ಊಟ ತಲುಪಿಸುವ ಮೋಟರ್‌ಸೈಕಲ್ಲೂ ಅದೇ ಹೊತ್ತಿಗೆ ನುಗ್ಗುತ್ತವೆ. ರಾತ್ರಿ ಔಷಧಿ ಬೇಕಾದರೆ ಕೆಂಪು ಅಕ್ಷರದ ಫಲಕವಿರುವ ಯಾವುದಾದರೂ ಎಜ್ಜಾನೆಯ, ಅಂದರೆ ಔಷಧಿ ಅಂಗಡಿಯ, ಬಾಗಿಲು ನೋಡಿ: ಆ ರಾತ್ರಿ ಸರದಿಯ ಮೇಲೆ ತೆರೆದಿರುವ ಅಂಗಡಿಯ ವಿಳಾಸ ಅಲ್ಲಿ ಅಂಟಿಸಿರುತ್ತಾರೆ. ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ಮೂರಕ್ಕೂ 112 ಒಂದೇ ನಂಬರು. ಕರೆ ಮಾಡಿದಾಗಲೂ ಬೀದಿ ನಂಬರಿನ ಜೊತೆ ಹತ್ತಿರದ ಗುರುತು ಹೇಳಿ.